ಸದ್ಯಕ್ಕೆ ಇರುವವರು

ಎಬೆನ್, ಓಕ್ಲಹೋಮ
2 ಏಪ್ರಿಲ್ 1980

ಮಗನೇ ಥ್ಯಾಡಿಯಸ್,

ಈ ವರ್ಷಕ್ಕೆ ಮುನ್ನೂರ ಅರವತ್ತಾರು ದಿನ. ಅಷ್ಟರಲ್ಲಿ ದೇಶದ ತಲೆ ಎಣಿಸುವುದಕ್ಕೆ ನಿಮ್ಮ ಕಚೇರಿಯವರಿಗೆ ಸಿಕ್ಕಿದ್ದು ಮೂರ್ಖರ ದಿನವೇ? ನಮ್ಮ ಚರ್ಚಿನ ಹಿರಿಯ, ಕ್ಷೌರದಂಗಡಿಯ ಡೀಕನ್ ಹಾಲೀಸ್ ಅಂಚೆಯಲ್ಲಿ ಬಂದ ಫಾರಮ್ಮನ್ನು ಅವನ ಷಡ್ಡಕ ಮಾಡಿದ ಏಪ್ರಿಲ್ ಕೀಟಲೆ ಎಂದುಕೊಂಡು ಹರಿದು ಕಸಕ್ಕೆ ಹಾಕಿದ್ದಾನೆ. "ಮಿಸ್ ಲುವೀನಿಯಾ, ನನ್ನ ಮನೇಲಿ ಕಕ್ಕಸಿದ್ಯಾ ಅಂತ ವಾಷಿಂಗ್ಟನ್ನೋರು ಕೇಳ್ತಾರಾ? ಯಾರ ಕಿವಿಗೆ ಹೂವಿಡ್ತೀರಿ?" ಎಂದ. "ಕಿವಿ ನಂಗೆ ಬೇಡ ಡೀಕನ್, ನಾನು ಎಣಿಸೋದು ತಲೆ" ಎಂದು ಹೊಸ ಫಾರಂ ಕೈಗಿಟ್ಟೆ.

ಹೌದು, ನಿನ್ನ ದೊಡ್ಡಮ್ಮ ಈಗ ಗಣತಿದಾರಳು. ಎದೆಗೆ ಬಿಲ್ಲೆ, ಹೆಗಲಿಗೆ ಚೀಲ. ಫಾರಂ ಎಲ್ಲರಿಗೂ ಅಂಚೆಯಲ್ಲಿ ಬರುತ್ತದೆ, ತುಂಬಿಟ್ಟದ್ದನ್ನು ನಾನು ಮನೆ ಮನೆಗೆ ಹೋಗಿ ತರಬೇಕು, ತುಂಬದವರಿಂದ ಕೂತು ತುಂಬಿಸಬೇಕು. ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು: ಒಂದು ಮನೆಯಲ್ಲಿ ಕೇಳಿದ್ದು ಇನ್ನೊಂದು ಕಿವಿಗೆ ಬೀಳಬಾರದು. ನಲವತ್ತೊಂದು ವರ್ಷ ಬಾಯಿ ಬಿಟ್ಟು ಲೆಕ್ಕ ಹೇಳಿಕೊಟ್ಟವಳಿಗೆ ಬಾಯಿ ಮುಚ್ಚಿ ಲೆಕ್ಕ ಮಾಡುವ ಕೆಲಸ.

ಇನ್ನೊಂದು ಮಾತು. ಈ ಸಲದ ಫಾರಮ್ಮಿನಲ್ಲಿ ಮನೆಯ ಯಜಮಾನ ಯಾರು ಎಂಬ ಪ್ರಶ್ನೆಯೇ ಇಲ್ಲವಲ್ಲ. ಹಿಂದಿನ ಸಲದವರೆಗೂ 'ಮನೆಗೆ ತಲೆ ಯಾರು' ಎಂದು ಕೇಳುತ್ತಿದ್ದರು. ಈಗ 'ಒಂದನೇ ಸಾಲಿನ ವ್ಯಕ್ತಿ' ಅಂತೆ. ಎದುರುಮನೆಯ ಗಂಡ ಹೆಂಡತಿ ಆ ಸಾಲಿಗಾಗಿ ಮೂರು ದಿನದಿಂದ ಮಾತು ಬಿಟ್ಟಿದ್ದಾರೆ. ತಲೆ ಎಣಿಸಲು ನನ್ನನ್ನು ಕಳಿಸಿ, ತಲೆಯನ್ನೇ ತೆಗೆದುಹಾಕಿದರೆ ಹೇಗಪ್ಪ?

ಊಟ ಸರಿಯಾಗಿ ಮಾಡು.

ನಿನ್ನ ದೊಡ್ಡಮ್ಮ,
ಲುವೀನಿಯಾ ಟ್ಯಾಕೆಟ್


ವಾಷಿಂಗ್ಟನ್
14 ಏಪ್ರಿಲ್ 1980

ಪ್ರೀತಿಯ ದೊಡ್ಡಮ್ಮನಿಗೆ,

ನಿಮ್ಮ ಪತ್ರವನ್ನು ಇಲ್ಲಿ ಮೂರನೇ ಮಹಡಿಯ ಎಲ್ಲರಿಗೂ ಓದಿ ಹೇಳಿದೆ. ತಲೆ ತೆಗೆದ ವಿಷಯಕ್ಕೆ ನಮ್ಮ ಮೇಲಧಿಕಾರಿಯೇ ನಕ್ಕರು. ಅವರು ನಕ್ಕದ್ದು ಹತ್ತು ವರ್ಷಕ್ಕೊಮ್ಮೆ ಎಂದು ಇಲ್ಲಿನವರ ಅಂದಾಜು.

ನನ್ನ ಕೆಲಸ ಕೇಳಿದ್ದಿರಿ. ನೀವು ಮನುಷ್ಯರನ್ನು ಅಂಕಿ ಮಾಡಿ ಕಳಿಸುತ್ತೀರಿ, ನಾನು ಆ ಅಂಕಿಯೊಳಗೆ ಮನುಷ್ಯರನ್ನು ಹುಡುಕುತ್ತೇನೆ. ಕಳೆದ ಸಮೀಕ್ಷೆಗಳನ್ನು ನೋಡಿದರೆ ನಮ್ಮ ದೇಶದವನು ಹೀಗಿದ್ದಾನೆ: ವಯಸ್ಸು ಮೂವತ್ತು. ಕೆಲಸಕ್ಕೆ ಕಾರಿನಲ್ಲಿ ಹೋಗುತ್ತಾನೆ, ಪಕ್ಕದ ಸೀಟು ಖಾಲಿ. ನಾಲ್ಕೈದು ಮನೆಗೆ ಒಂದರಲ್ಲಿ ಒಬ್ಬರೇ ಇರುತ್ತಾರೆ. ಎಲ್ಲ ಮನೆಗಳನ್ನೂ ಸೇರಿಸಿ ಸರಾಸರಿ ತೆಗೆದರೆ ಮನೆಗೆ ಎರಡೂ ಮುಕ್ಕಾಲು ಜನ. ಆ ಮುಕ್ಕಾಲು ಮನುಷ್ಯ ಎಬೆನ್‌ನಲ್ಲಿ ಸಿಕ್ಕರೆ ನನ್ನ ನಮಸ್ಕಾರ ಹೇಳಿ, ಹುಷಾರಾಗಿ ಕೂರಿಸಿ, ಉಳಿದ ಕಾಲು ಮುರಿದೀತು.

ನಿಮ್ಮ ಬಿಲ್ಲೆ ಹಾಕಿಕೊಂಡ ಫೋಟೋ ಕಳಿಸಿ.

ನಿಮ್ಮ
ಥ್ಯಾಡಿಯಸ್


ಎಬೆನ್
9 ಮೇ 1980

ಮಗನೇ,

ಫೋಟೋ ಜೊತೆಗಿದೆ. ಬಿಲ್ಲೆ ಚೆನ್ನಾಗಿ ಬಂದಿದೆ, ನಾನು ಬಂದಿಲ್ಲ.

ಮುಕ್ಕಾಲು ಮನುಷ್ಯನ ಮಾತಿಗೆ ಊರಲ್ಲೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಮನೆಗೆ ಬಂದು ಮುಖಮಂಟಪದಲ್ಲಿ ಕೂತಾಗ ನಗು ನಿಂತಿತು. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಆದರೂ ಕೇಳು. 1860ರ ಗಣತಿಯಲ್ಲಿ ನನ್ನ ಅಜ್ಜನ ಹೆಸರಿಲ್ಲ. ಗುಲಾಮನಾಗಿದ್ದರಿಂದ ಯಜಮಾನನ ಹೆಸರಿನ ಕೆಳಗೆ 'ಗಂಡು, ಹನ್ನೆರಡು ವರ್ಷ, ಕಪ್ಪು' ಎಂದು ಒಂದು ಗೆರೆ ಮಾತ್ರ. ಸಂಸತ್ತಿನ ಕುರ್ಚಿ ಹಂಚುವಾಗ ಆ ಗೆರೆಗೆ ಬೆಲೆ ಐದರಲ್ಲಿ ಮೂರು ಪಾಲು. ಅದು ಸರಾಸರಿಯಲ್ಲ ಮಗನೇ, ಅದು ಕಾನೂನು. ಹತ್ತು ವರ್ಷ ಕಳೆದು, 1870ರಲ್ಲಿ, 'ಪ್ರೈಮಸ್ ಟ್ಯಾಕೆಟ್' ಎಂದು ಪೂರ್ತಿ ಬರೆದರು. ಆ ಪೂರ್ತಿ ಮನುಷ್ಯನೇ ಇನ್ನೂ ಹದಿನಾಲ್ಕು ಮನೆಯವರನ್ನು ಕರೆದುಕೊಂಡು ಬಂದು ಈ ಊರು ಕಟ್ಟಿದ್ದು. ಆದ್ದರಿಂದ ನಿನ್ನ ಭಿನ್ನರಾಶಿಯನ್ನು ಯಂತ್ರಕ್ಕೆ ಹೇಳು. ನನ್ನ ಊರಲ್ಲಿ ಎಲ್ಲರೂ ಪೂರ್ಣಾಂಕ.

ಕೆಲಸ ನಡೆಯುತ್ತಿದೆ. ಪ್ರಮಾಣ ಮಾಡಿರುವುದರಿಂದ ಹೆಸರು ಹೇಳುವಂತಿಲ್ಲ. ಊರಿನಲ್ಲಿ ಕಟ್ಟಿಗೆಯ ಕಾಲಿರುವ ಒಬ್ಬರೇ ಹಿರಿಯರು ಎಂದೂ ಹೇಳುವಂತಿಲ್ಲ. ಅವರ ಮನೆಯಲ್ಲಿ ನಲ್ಲಿಯ ಪ್ರಶ್ನೆ ಬಂತು: ಬಿಸಿನೀರು ತಣ್ಣೀರು ಎರಡೂ ಬರುತ್ತದೆಯೇ? "ಬರುತ್ತೆ. ಬೇಸಿಗೇಲಿ ಎರಡರಲ್ಲೂ ಬಿಸಿ, ಚಳಿಗಾಲದಲ್ಲಿ ಎರಡರಲ್ಲೂ ತಣ್ಣಗೆ. ಹೂಂ ಅಂತ ಬರ್ಕೊಳಮ್ಮ" ಎಂದರು.

ನಗುವಿನ ನಡುವೆ ಒಂದು ಚಿಂತೆ. ಕೌಂಟಿ ಮಂಡಳಿಯವರು ಹೊಸ ನಿಯಮ ಮಾಡಿದ್ದಾರೆ. ಐನೂರು ಜನರಿಲ್ಲದ ಊರಿಗೆ ಕ್ಲಿನಿಕ್ ಇಲ್ಲ. ನಮ್ಮ ಹಳೇ ಬ್ಯಾಂಕಿನ ಕಟ್ಟಡದಲ್ಲಿ ಮಂಗಳವಾರ, ಶುಕ್ರವಾರ ಡಾಕ್ಟರು ಬರುತ್ತಾರಲ್ಲ, ಅದು ಈ ಗಣತಿಯ ಮೇಲೆ ನಿಂತಿದೆ. ಅದು ಹೋದರೆ ಸಕ್ಕರೆ ಕಾಯಿಲೆಯ ಸೂಜಿಗೂ ಹೆರಿಗೆಗೂ ಮೂವತ್ತೊಂದು ಮೈಲಿ ಹೋಗಬೇಕು. ಊರ ಬಾಗಿಲ ಹಲಗೆಯಲ್ಲಿ 512 ಎಂದಿದೆ, ಅದು ಹತ್ತು ವರ್ಷದ ಹಿಂದಿನದು. ಆಗಿನಿಂದ ಸತ್ತವರು ಎಷ್ಟೋ, ಹೋದವರು ಎಷ್ಟೋ. ಹಲಗೆ ಮಾತ್ರ ಗಟ್ಟಿಯಾಗಿದೆ.

ನಿನ್ನ ದೊಡ್ಡಮ್ಮ


ಎಬೆನ್
24 ಜೂನ್ 1980

ಮಗನೇ,

ಮೊದಲ ಲೆಕ್ಕ ಬಂತು. ನಾನ್ನೂರ ಎಂಬತ್ತೊಂದು.

ನಾನೇ ಎಣಿಸಿದ ಊರು. ನಾಲ್ಕು ಸಲ ಕೂಡಿದೆ. ಕೂಡಿದಷ್ಟು ಸಲವೂ ಅದೇ, ಒಟ್ಟಿನಲ್ಲಿ ಕೂಡಿ ಬರಲಿಲ್ಲ. ಭಾನುವಾರ ಚರ್ಚಿನಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ಯಾರೂ ಏನೂ ಅನ್ನಲಿಲ್ಲ. ಲೆಕ್ಕದ ಟೀಚರನ್ನು ಅನ್ನುವುದು ಹೇಗೆ? ಮಿಸೆಸ್ ಪರ್ಲಿ ಡಾಬ್ಸ್ ಮಾತ್ರ ಕೈ ಹಿಡಿದು, "ಹತ್ತೊಂಬತ್ತೇ ಅಲ್ವಾ ಮಿಸ್ ಲುವೀನಿಯಾ, ನೀವು ನನ್ನ ಮಗನ ಪರೀಕ್ಷೇಲಿ ಅಷ್ಟು ಹಾಕಿದ್ರೆ ಅವನು ಪಾಸಾಗಿರೋನು" ಎಂದಳು. ತಮಾಷೆಯೋ ಹಳೆಯ ಸಿಟ್ಟೋ ತಿಳಿಯಲಿಲ್ಲ.

ನಾವು ಗಣತಿಗೆ ಬಂದೆವು, ಗಣನೆಗೆ ಬರಲಿಲ್ಲ. ತಕರಾರು ಸಲ್ಲಿಸಲು ಆಗಸ್ಟಿನವರೆಗೆ ಅವಕಾಶ ಕೊಟ್ಟಿದ್ದಾರೆ. ನೀನು ಅಂಕಿಗಳ ಮನೆಯಲ್ಲೇ ಕೂತಿದ್ದೀಯ. ನಮ್ಮ ಊರಿನದ್ದು ಸ್ವಲ್ಪ ನೋಡಿಕೋ.

ದೊಡ್ಡಮ್ಮ


ವಾಷಿಂಗ್ಟನ್
5 ಜುಲೈ 1980

ಮಾನ್ಯ ಮಿಸ್ ಟ್ಯಾಕೆಟ್ ಅವರಿಗೆ,

ನಿಮ್ಮ 24ನೇ ಜೂನಿನ ಪತ್ರ ತಲುಪಿದೆ. ಯಾವುದೇ ಊರಿನ ಅಂಕಿಗಳನ್ನು ತಿದ್ದುವುದಾಗಲಿ, ಆ ಊರಿನ ಫಾರಂಗಳನ್ನು ಖಾಸಗಿಯಾಗಿ ತೆರೆಯುವುದಾಗಲಿ ನನಗೆ ಸಾಧ್ಯವಿಲ್ಲ. ನೀವು ಮಾಡಿದ ಪ್ರಮಾಣವನ್ನೇ ನಾನೂ ಮಾಡಿದ್ದೇನೆ. ಇಂಥ ಕೋರಿಕೆಗಳನ್ನು ಪತ್ರದಲ್ಲಿ ಬರೆಯುವುದು ನಿಮಗೂ ಕ್ಷೇಮವಲ್ಲ, ನನಗೂ ಅಲ್ಲ. ತಕರಾರಿದ್ದರೆ ನಿಮ್ಮ ಪ್ರಾಂತ ಕಚೇರಿಗೆ ಕ್ರಮಪ್ರಕಾರ ಸಲ್ಲಿಸಿರಿ.

ತಮ್ಮ ವಿಶ್ವಾಸಿ,
ಟಿ. ಟ್ಯಾಕೆಟ್


ಎಬೆನ್
12 ಜುಲೈ 1980

ಮಾನ್ಯ ಟಿ. ಟ್ಯಾಕೆಟ್ ಅವರಿಗೆ,

ತಮ್ಮ ಪತ್ರ ತಲುಪಿತು. ನಾನು 'ನೋಡಿಕೋ' ಎಂದದ್ದು ಕಣ್ಣಿನಿಂದ, ಕೈಯಿಂದಲ್ಲ. ಲೆಕ್ಕದಲ್ಲಿ ನಾನು ಎಲ್ಲಿ ತಪ್ಪಿರಬಹುದು ಎಂದು ನೂರಾರು ಊರಿನ ಲೆಕ್ಕ ಕಂಡವನು ಹೇಳಿಯಾನು ಎಂದುಕೊಂಡೆ. ಹತ್ತೊಂಬತ್ತು ಸುಳ್ಳು ಮನುಷ್ಯರನ್ನು ಹುಟ್ಟಿಸುವಂತೆ ನಿಮಗೆ ಹೇಳಲು, ನಿಮಗೆ ಒಂದರಿಂದ ಹತ್ತು ಕಲಿಸಿದವಳಿಗೆ ನಾಚಿಕೆಯಾಗುತ್ತಿತ್ತು.

ಇಲ್ಲಿ ಫ್ಯಾರನ್‌ಹೀಟಿನಲ್ಲಿ ನೂರಾ ಎಂಟು ಡಿಗ್ರಿ ಬಿಸಿಲು. ಮಳೆಯಿಲ್ಲ.

ಎಲ್. ಟ್ಯಾಕೆಟ್


ವಾಷಿಂಗ್ಟನ್
28 ಜುಲೈ 1980

ದೊಡ್ಡಮ್ಮ,

ನಿಮ್ಮ ಪತ್ರ ಬಂದಾಗಿನಿಂದ ನಾಲ್ಕು ಪತ್ರ ಬರೆದು ಹರಿದೆ. ಇದು ಐದನೆಯದು. ಇದರಲ್ಲಿ ಐದೂ ಪಾಲು ಇದೆ.

ತಪ್ಪಾಯಿತು. ಹೆದರಿದೆ. ಈ ಮಹಡಿಯಲ್ಲಿ ನಮ್ಮವನು ನಾನೊಬ್ಬನೇ. 'ಊರಿನವರು ಏನಾದರೂ ಕೇಳುತ್ತಾರಾ' ಎಂದು ಒಬ್ಬರು ನಗುತ್ತಾ ವಿಚಾರಿಸಿದ ದಿನವೇ ನಿಮ್ಮ ಪತ್ರ ಬಂತು. ಹೊರಗಿನವರ ಅನುಮಾನವನ್ನು ತಂದು ನಿಮ್ಮ ಮೇಲೆ ಹಾಕಿದೆ.

ಈಗ ಕಣ್ಣಿನಿಂದ ನೋಡಿದ್ದು ಹೇಳುತ್ತೇನೆ. ಎಬೆನ್‌ನ ಫಾರಂ ನಾನು ನೋಡಿಲ್ಲ, ನೋಡುವುದೂ ಇಲ್ಲ. ಎಲ್ಲರಿಗೂ ಸಿಗುವ ಅಚ್ಚಿನ ಪುಸ್ತಕಗಳನ್ನಷ್ಟೇ ನೋಡಿದೆ. ಗಣತಿಯಲ್ಲಿ ತಪ್ಪಿಹೋಗುವವರು ಅಲೆಮಾರಿಗಳು, ಕುಡುಕರು ಎಂದು ಎಲ್ಲರೂ ತಿಳಿದಿದ್ದಾರೆ. ಹುಟ್ಟಿದವರ ದಾಖಲೆಯನ್ನು ಎಣಿಸಿದವರ ಪಕ್ಕ ಇಟ್ಟರೆ ಬೇರೆಯೇ ಕಾಣುತ್ತದೆ. ತಪ್ಪಿಹೋಗುವವರಲ್ಲಿ ಮಕ್ಕಳೂ ಬಹಳ. ಅದರಲ್ಲೂ ಚಿಕ್ಕವರು. ಅದರಲ್ಲೂ ನಮ್ಮ ಜನರ ಮಕ್ಕಳು. ಓಡಿಹೋದವರಲ್ಲ, ಅಡುಗೆಮನೆಯಲ್ಲಿ ಕಾಲಿಗೆ ತೊಡರುತ್ತಿರುವವರು.

ನಿಮ್ಮ ರಾಜ್ಯದ ಶಾಲೆಗಳ ವರದಿಯಲ್ಲಿ ಎಬೆನ್‌ಗೆ ಒಂದು ಸಾಲಿದೆ. ಕಳೆದ ಮಾರ್ಚಿನಲ್ಲಿ ದಿನಕ್ಕೆ ಬಡಿಸಿದ ಮಧ್ಯಾಹ್ನದ ಊಟ ನೂರ ಹದಿನೆಂಟು ತಟ್ಟೆ. ಶಾಲೆಯ ವಯಸ್ಸಿನ ಮಕ್ಕಳನ್ನು ನೀವು ಎಷ್ಟು ಬರೆದಿರಿ ಎಂದು ನನಗೆ ಹೇಳಬೇಡಿ. ನಿಮಗೆ ನೀವು ಹೇಳಿಕೊಳ್ಳಿ.

ಇನ್ನೊಂದನ್ನು ಇಷ್ಟು ವರ್ಷ ಕೇಳಿಲ್ಲ. 1950ರಲ್ಲಿ ನನಗೆ ಎಂಟು. ಅಮ್ಮ ನನ್ನನ್ನು ನಿಮ್ಮಲ್ಲಿ ಬಿಟ್ಟು ಶಿಕಾಗೋಗೆ ಹೋಗಿ ಮೂರು ವರ್ಷವಾಗಿತ್ತು. ಗಣತಿಯವನು ಬಂದಾಗ ನಾನು ನಿಮ್ಮ ಹಿಂದೆಯೇ ನಿಂತಿದ್ದೆ. ನೀವು ಹೇಳಿದ್ದು ನನಗೆ ಕೇಳಿಸಿತು. ಈ ಕೆಲಸಕ್ಕೇ ಯಾಕೆ ಸೇರಿದೆ ಎಂದು ನೀವು ಎಷ್ಟೋ ಸಲ ಕೇಳಿದ್ದೀರಿ, ನಾನು ಪಿಂಚಣಿ ಚೆನ್ನಾಗಿದೆ ಎನ್ನುತ್ತಿದ್ದೆ.

ನಿಮ್ಮ
ಥ್ಯಾಡಿಯಸ್


ಎಬೆನ್
6 ಆಗಸ್ಟ್ 1980

ಮಗನೇ,

ನಿನಗೆ ಕೇಳಿಸಿತೆಂದು ನನಗೆ ಗೊತ್ತಿರಲಿಲ್ಲ. ನೀನು ಬಿಸ್ಕತ್ತು ತಿನ್ನುತ್ತಿದ್ದೆ. ತಿನ್ನುವ ಮಕ್ಕಳಿಗೆ ಕಿವಿ ಕೇಳುವುದಿಲ್ಲ ಎಂದುಕೊಂಡಿದ್ದೆ, ಟೀಚರಾಗಿದ್ದೂ.

ಬಂದವನು ಪಕ್ಕದ ಊರಿನ ಬಿಳಿಯ ಯುವಕ. ಮೆಟ್ಟಿಲು ಹತ್ತಲಿಲ್ಲ. "ಮನೇಲಿ ಯಾರ್ಯಾರಿದ್ದೀರಿ?" ಎಂದ. "ನಾನೊಬ್ಳೇ" ಎಂದೆ. ಅವನು ನನ್ನ ಲಂಗದ ಪಕ್ಕದಿಂದ ಇಣುಕಿದ ನಿನ್ನ ಮುಖ ನೋಡಿದ. "ಅವ್ನು ಸದ್ಯಕ್ಕೆ ಇದಾನೆ ಅಷ್ಟೆ" ಎಂದೆ. ಅವನು ಬರೆಯಲಿಲ್ಲ.

ಮರೆತದ್ದಲ್ಲ, ಬೇಕೆಂದೇ. ನಿನ್ನನ್ನು ನನ್ನ ಮನೆಯವನೆಂದು ಮಸಿಯಲ್ಲಿ ಬರೆಸಿದರೆ, ಒಡೆಸ್ಸಾ ನಿನ್ನನ್ನು ಕರೆದೊಯ್ಯಲು ಬರುವುದಿಲ್ಲ ಎಂದು ನಾನೇ ಸಹಿ ಹಾಕಿದಂತೆ ಎನ್ನಿಸಿತು. ನನ್ನ ತಂಗಿಗೆ ಬಾಗಿಲು ತೆರೆದಿಡಲು ಹೋಗಿ ನಿನ್ನನ್ನು ಹೊರಗೆ ನಿಲ್ಲಿಸಿದೆ. ಆ ಸದ್ಯ ಹದಿಮೂರು ವರ್ಷ ನಡೆಯಿತು. ದಿನಾ ಬೆಳಿಗ್ಗೆ ನಿನ್ನ ತಲೆ ಬಾಚಿದವಳು, ಆ ತಲೆಯನ್ನು ಎಣಿಸಲಿಲ್ಲ. ಇಷ್ಟು ವರ್ಷ ಮಾತಿನಲ್ಲಿ ಆಟವಾಡಿ ತಪ್ಪಿಸಿಕೊಂಡೆ. ಇದರಲ್ಲಿ ಆಟವಿಲ್ಲ. ನೀನು ನನ್ನ ಮನೆಯವನಾಗಿದ್ದೆ.

ನಿನ್ನ ಪತ್ರ ಓದಿ ನೂರ ಹದಿನೆಂಟು ತಟ್ಟೆಯನ್ನು ನನಗೆ ನಾನೇ ಹೇಳಿಕೊಂಡೆ. ನಾನು ಬರೆದ ಮಕ್ಕಳು ಅಷ್ಟಿರಲಿಲ್ಲ. ಆಮೇಲೆ ಬೂಟು ಹಾಕಿಕೊಂಡೆ. ಪ್ರಾಂತ ಕಚೇರಿಯವರಿಗೆ ಊರಿನ ಪರವಾಗಿ ಕ್ರಮಪ್ರಕಾರ ತಕರಾರು ಬರೆದೆವು, ಮತ್ತೊಮ್ಮೆ ಮನೆ ಮನೆಗೆ ಹೋಗಲು ಒಪ್ಪಿಗೆ ಕೊಟ್ಟರು. ನಾಳೆಯಿಂದ ಶುರು. ಏಪ್ರಿಲಿನಲ್ಲಿ ಪ್ರತಿ ಮನೆಯಲ್ಲೂ 'ಸದ್ಯಕ್ಕೆ' ಎಂಬ ಆ ಮಾತು ನನ್ನ ಕಿವಿಗೆ ಬಿದ್ದಿತ್ತು ಮಗನೇ. ನನ್ನದೇ ಮಾತು, ಆದ್ದರಿಂದ ವಿಚಿತ್ರವೆನಿಸಲೇ ಇಲ್ಲ.

ದೊಡ್ಡಮ್ಮ


ವಾಷಿಂಗ್ಟನ್
13 ಆಗಸ್ಟ್ 1980

ದೊಡ್ಡಮ್ಮ,

ಓದಿದೆ. ಎರಡು ದಿನ ರಜೆ ಹಾಕಿದೆ. ಜ್ವರ ಎಂದು ಬರೆದೆ, ಸರ್ಕಾರಿ ಫಾರಮ್ಮಿನಲ್ಲಿ ನಾನು ಬರೆದ ಒಂದೇ ಸುಳ್ಳು.

ಕೆಲಸದ ಮಾತು ಒಂದೇ. ಆ ಮಕ್ಕಳನ್ನು ಅವರ ತಾಯಿ ಟಲ್ಸಾದಲ್ಲೋ ಡೆಟ್ರಾಯಿಟ್‌ನಲ್ಲೋ ಬರೆಸಿದ್ದರೆ ಇಲ್ಲಿ ಬರೆಯುವಂತಿಲ್ಲ. ಎರಡು ಕಡೆ ಎಣಿಸಿದರೆ ಅದೂ ಸುಳ್ಳೇ. ಐನೂರಕ್ಕೆ ಒಬ್ಬರು ಕಡಿಮೆ ಬಿದ್ದರೂ ಬೀಳಲಿ.

ಬಿಸಿಲಿಗೆ ಟೋಪಿ ಹಾಕಿಕೊಳ್ಳಿ.

ಥ್ಯಾಡಿಯಸ್


ಎಬೆನ್
25 ಆಗಸ್ಟ್ 1980

ಮಗನೇ,

ಬಿಸಿಲಿಗೆ ರಸ್ತೆಯ ಡಾಂಬರು ಬೂಟಿಗೆ ಅಂಟುತ್ತದೆ. ಟೋಪಿ ಹಾಕಿದ್ದೇನೆ, ಭಾನುವಾರದ್ದು, ಹೂವಿರುವುದು. ಡೀಕನ್ ನೋಡಿ, "ಕಿವಿಗೆ ಬಿಟ್ಟು ತಲೆಗೇ ಇಟ್ಕೊಂಡ್ರಾ" ಎಂದ.

ಪ್ರಶ್ನೆಯನ್ನು ಬದಲಿಸಿದೆ. 'ಮನೆಯಲ್ಲಿ ಎಷ್ಟು ಜನ' ಎಂದು ಕೇಳಿದರೆ ದೊಡ್ಡವರ ಹೆಸರು ಹೇಳುತ್ತಾರೆ. 'ಬೆಳಿಗ್ಗೆ ಎಷ್ಟು ತಟ್ಟೆ ಹಾಕಿದಿರಿ' ಎಂದು ಶುರುಮಾಡಿದೆ. ಒಂದು ಮನೆ, ಯಾವುದೆಂದು ಕೇಳಬೇಡ. ಅಜ್ಜಿ ಬೆಂಡೆಕಾಯಿ ಹುರಿಯುತ್ತಿದ್ದಳು, ಮೇಜಿನ ಕೆಳಗೆ ಇಬ್ಬರು.

"ಇವರ್ಯಾರು?"

"ಇವ್ರಾ? ಮಗಳ ಮಕ್ಕಳು. ಸದ್ಯಕ್ಕೆ ಇದಾರೆ ಮಿಸ್ ಲುವೀನಿಯಾ. ಅವ್ಳು ಟಲ್ಸಾದಲ್ಲಿ ಮನೆ ಹಿಡಿದ್ಮೇಲೆ ಹೋಗ್ತಾರೆ."

"ಯಾವಾಗ ಬಂದ್ರು?"

"ದೊಡ್ಡೋನು ಹಲ್ಲು ಬರೋ ಮುಂಚೆ ಬಂದ."

"ಈಗ ಅವನ ಹಲ್ಲು?"

ಅವಳು ಬಗ್ಗಿ ನೋಡಿದಳು. "ಉದುರ್ತಾ ಇದಾವೆ" ಎಂದು ಜಾಲರಿ ಸೌಟು ಕೆಳಗಿಟ್ಟಳು. "ಬರೆದ್ರೆ ಮಗಳು ಬೇಜಾರು ಮಾಡ್ಕೋತಾಳೆ. ನಾನು ಕಿತ್ಕೊಂಡ ಹಾಗಾಗುತ್ತೆ."

ಅವಳಿಗೆ ನಾನು ಪ್ರಮಾಣದ ವಿಷಯ ಹೇಳಲಿಲ್ಲ. ನಿನ್ನ ವಿಷಯ ಹೇಳಿದೆ. ನಿನ್ನ ಹೆಸರು ಹೇಳಲು ನನಗೆ ಯಾವ ಕಾನೂನೂ ಅಡ್ಡಿಯಿಲ್ಲವಲ್ಲ. "ಅವರಮ್ಮ ಬಂದ ದಿನ ಕರ್ಕೊಂಡು ಹೋಗ್ಲಿ. ಫಾರಂ ಕೇಳೋದು ಏಪ್ರಿಲ್ ಒಂದಕ್ಕೆ ಎಲ್ಲಿ ಮಲಗ್ತಿದ್ರು ಅಂತ, ಯಾರಿಗೆ ಸೇರಿದೋರು ಅಂತಲ್ಲ" ಎಂದೆ. ಅವಳು ಕೈ ಒರೆಸಿಕೊಂಡು ಕೂತಳು. ಇಬ್ಬರ ಹೆಸರನ್ನೂ ನಡುವಿನ ಹೆಸರು ಸಮೇತ ಹೇಳಿದಳು.

ಹೀಗೆ ಇಪ್ಪತ್ತೊಂಬತ್ತು ಮಕ್ಕಳು ಸಿಕ್ಕರು. ಪ್ರತಿಯೊಬ್ಬರ ತಾಯಿಗೂ ಫೋನು ಮಾಡಿಸಿದೆ. ಮೂವರನ್ನು ತಾಯಂದಿರು ಅಲ್ಲೇ ಬರೆಸಿದ್ದರು, ನಾನೇ ಹೊಡೆದುಹಾಕಿದೆ. ಇಪ್ಪತ್ತಾರು ಉಳಿದರು.

ನಾನ್ನೂರ ಎಂಬತ್ತೊಂದಕ್ಕೆ ಇಪ್ಪತ್ತಾರು. ಕೂಡು, ನಿನಗೆ ನಾನೇ ಕಲಿಸಿದ್ದೇನೆ. ಪ್ರಾಂತ ಕಚೇರಿಯವರು ಪರೀಕ್ಷಿಸಿ ಒಪ್ಪಿದ್ದಾರೆ. ಆದರೆ ಕೌಂಟಿ ಮಂಡಳಿಯ ಅಧ್ಯಕ್ಷ ಮಿಸ್ಟರ್ ವಿಟ್‌ಲಾಕ್‌ಗೆ ಅನುಮಾನವಂತೆ. ಸೆಪ್ಟೆಂಬರ್ ಹನ್ನೊಂದಕ್ಕೆ ಸಭೆ ಕರೆದಿದ್ದಾರೆ.

ದೊಡ್ಡಮ್ಮ


ಎಬೆನ್
12 ಸೆಪ್ಟೆಂಬರ್ 1980

ಮಗನೇ,

ಕ್ಲಿನಿಕ್ ಉಳಿಯಿತು. ಮೊದಲು ಅದನ್ನು ಹೇಳಿಬಿಡುತ್ತೇನೆ, ನೀನು ಕೊನೆಯ ಸಾಲಿಗೆ ಹಾರಿ ಓದುವ ಜಾತಿ. ಈಗ ಹೇಗೆ ಉಳಿಯಿತೆಂದು ನಿಧಾನವಾಗಿ ಕೇಳು.

ನಿನ್ನೆ ನ್ಯಾಯಾಲಯದ ಕಟ್ಟಡದಲ್ಲಿ ಸಭೆ. ಚರ್ಚಿನ ಬಸ್ಸಿನಲ್ಲಿ ನಮ್ಮವರು ಹೋದೆವು. ಹಿಂದಿನ ಎರಡು ಸಾಲಿನ ತುಂಬ ಅಜ್ಜಿಯಂದಿರು, ಅವರ ಪಕ್ಕದಲ್ಲಿ ಭಾನುವಾರದ ಬಟ್ಟೆ ಹಾಕಿದ ಮಕ್ಕಳು. ಮಕ್ಕಳನ್ನು ಕರೆತನ್ನಿ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಅಜ್ಜಿಯರೇ ಪರಸ್ಪರ ಮಾತಾಡಿಕೊಂಡಿದ್ದಾರೆ.

ಮಿಸ್ಟರ್ ವಿಟ್‌ಲಾಕ್ ಕಾಗದ ನೋಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ ಹೇಳಿದರು: "ಜೂನ್‌ನಲ್ಲಿ ನಾನ್ನೂರ ಎಂಬತ್ತೊಂದು, ಆಗಸ್ಟ್‌ನಲ್ಲಿ ಐನೂರ ಏಳು. ಈ ಬೇಸಿಗೇಲಿ ಕೌಂಟಿಗೆಲ್ಲ ಒಂದು ಹನಿ ಮಳೆ ಇಲ್ಲ. ನಿಮ್ಮೂರಲ್ಲಿ ಮಾತ್ರ ಅಣಬೆ ಹೇಗೆ ಎದ್ದವು ಮಿಸ್ ಟ್ಯಾಕೆಟ್?"

ಕೆಲವರು ನಕ್ಕರು. ನಾನು ಎದ್ದು ನಿಂತೆ. "ಅಣಬೆ ಅಲ್ಲ ಮಿಸ್ಟರ್ ವಿಟ್‌ಲಾಕ್, ಹಳೇ ಬೇರು. ಅಲ್ಲೇ ಇದ್ವು, ನಾನು ನೋಡಿರ್ಲಿಲ್ಲ. ತಪ್ಪು ನಂದು."

"ಹಾಗಾದ್ರೆ ಆ ಇಪ್ಪತ್ತಾರು ಜನ ಯಾರು ಅಂತ ಹೇಳಿ."

"ಹೇಳಲ್ಲ. ಪ್ರಮಾಣ ಮಾಡಿದೀನಿ. ನನ್ನ ಬಾಯಿಂದ ಒಂದು ಹೆಸರೂ ಬರಲ್ಲ, ನೀವು ಕ್ಲಿನಿಕ್ ಮುಚ್ಚಿದ್ರೂ ಬರಲ್ಲ." ಹೇಳಿ ಕೂತುಬಿಟ್ಟೆ. ಎಲ್ಲ ಮುಗಿಯಿತು ಎಂದುಕೊಂಡೆ.

ಹಿಂದಿನಿಂದ ಒಂದು ಕುರ್ಚಿ ಕಿರ್ರೆಂದಿತು. ಎರಡು ಜಡೆಯ ಹುಡುಗಿ ಎದ್ದು ನಿಂತಿದ್ದಳು. "ನನ್ನ ಹೆಸ್ರು ಕೊರೀನ್ ಅಡೆಲ್ ಮೇಫೀಲ್ಡ್. ನಂಗೆ ಏಳು ವರ್ಷ. ನಾನು ಎಬೆನ್‌ನಲ್ಲಿ ಇರ್ತೀನಿ." ಹೇಳಿ, ಲಂಗ ಸರಿಮಾಡಿಕೊಂಡು ಕೂತಳು. ಕೂರುತ್ತಲೇ ಅವಳ ಪಕ್ಕದವನು ಎದ್ದ. ಅವನಾದ ಮೇಲೆ ಅವನ ತಂಗಿ. ತೊದಲುವವಳು ಒಬ್ಬಳು ಮೂರು ಸಲ ಶುರುಮಾಡಿದಳು, ಯಾರೂ ಎತ್ತಿಕೊಡಲಿಲ್ಲ, ನಾಲ್ಕನೇ ಸಲಕ್ಕೆ ಪೂರ್ತಿ ಹೇಳಿದಳು. ಎಂಟು ತಿಂಗಳ ಒಂದು ಕೂಸಿನ ಪರವಾಗಿ ಅಜ್ಜಿ ಎದ್ದು, ಕೂಸನ್ನು ಮುಂದಕ್ಕೆ ಹಿಡಿದು, ಅದರ ಹೆಸರು ಹೇಳಿದಳು. ಕೂಸು ಮಿಸ್ಟರ್ ವಿಟ್‌ಲಾಕ್ ಕಡೆ ನೋಡಿ ಆಕಳಿಸಿತು. ನಗುತ್ತಿದ್ದವರು ಎಲ್ಲಿ ನಿಲ್ಲಿಸಿದರೋ ಗೊತ್ತಿಲ್ಲ, ಅಷ್ಟು ಹೊತ್ತಿಗೆ ನಗು ಇರಲಿಲ್ಲ. ನಮ್ಮ ಸಾಲುಗಳಲ್ಲಿ ಬೆನ್ನುಗಳು ನೆಟ್ಟಗಾಗಿದ್ದವು. ಡೀಕನ್ ಹಾಲೀಸ್ ಟೋಪಿಯನ್ನು ಎದೆಗೆ ಹಿಡಿದು ಕೂತಿದ್ದ. ನಾನು ಪ್ರಮಾಣದಂತೆ ಬಾಯಿ ಮುಚ್ಚಿಕೊಂಡೇ ಇದ್ದೆ, ಕಣ್ಣಿನ ಬಗ್ಗೆ ಪ್ರಮಾಣದಲ್ಲಿ ಏನೂ ಇರಲಿಲ್ಲ.

ಹದಿನೇಳನೆಯವಳು ಕೂತಾಗ ಮಿಸ್ಟರ್ ವಿಟ್‌ಲಾಕ್ ಕೈ ಎತ್ತಿದರು. "ಸಾಕು, ಮಿಸ್ ಟ್ಯಾಕೆಟ್. ನಂಬಿದೆ. ಕ್ಲಿನಿಕ್ ಇರುತ್ತೆ. ಬರ್ಕೊಳ್ಳಿ" ಎಂದು ಗುಮಾಸ್ತೆಗೆ ಹೇಳಿ ಕಾಗದ ಮಡಚಿದರು. ನಮ್ಮವರು ಚಪ್ಪಾಳೆ ತಟ್ಟಲು ಕೈ ಎತ್ತಿದ್ದರು.

ಆದರೆ ಹದಿನೆಂಟನೆಯವನು ಆಗಲೇ ಎದ್ದು ನಿಂತಿದ್ದ. ಐದು ವರ್ಷದವನು, ಅಣ್ಣನ ಟೈ ಕಟ್ಟಿಕೊಂಡು, ಬಾಯಿ ತೆರೆದು. ಅವನು ನನ್ನನ್ನು ನೋಡಿದ, ಮಿಸ್ಟರ್ ವಿಟ್‌ಲಾಕ್‌ರನ್ನು ನೋಡಿದ.

"ನಂದು ಇನ್ನೂ ಆಗಿಲ್ಲ" ಎಂದ.

ಮಿಸ್ಟರ್ ವಿಟ್‌ಲಾಕ್ ಮಡಚಿದ ಕಾಗದವನ್ನು ಬಿಡಿಸಿದರು, ಕನ್ನಡಕ ಹಾಕಿಕೊಂಡರು. "ಹೇಳಪ್ಪ" ಎಂದರು.

ಅವನು ಹೇಳಿದ. ಗುಮಾಸ್ತೆಗೆ ಸರಿಯಾಗಿ ಕೇಳಿಸಲಿಲ್ಲ, ಅಕ್ಷರ ಹೇಗೆ ಎಂದು ಕೇಳಿದಳು. ಅವನು ಉಸಿರು ಎಳೆದುಕೊಂಡು, ಅವಳ ಪೆನ್ನನ್ನೇ ನೋಡುತ್ತಾ, ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದ. ಅವಳು ಬರೆದು ಮುಗಿಸುವವರೆಗೂ ಮುಂದಿನ ಅಕ್ಷರಕ್ಕೆ ಹೋಗಲಿಲ್ಲ. ಅವನ ಹಿಂದೆ ಇನ್ನೂ ಎಂಟು ಜನ ಎದ್ದು ನಿಂತು ಕಾಯುತ್ತಿದ್ದರು.

ನಿನ್ನ ದೊಡ್ಡಮ್ಮ,
ಲುವೀನಿಯಾ ಟ್ಯಾಕೆಟ್